ಬಾಗಿಲು ‘ಟುಪ್’ ಅಂದಾಗ: ಅಪ್ಪನ ಪದ್ಮಿನಿ, ನನ್ನ ಪುಟ್ಟಿ

ಇಯರ್‌ಫೋನ್ ಹಾಕ್ಕೊಂಡಿದ್ರೆ ಮೊದಲು ಈ ಸಪ್ಪಳ ಕೇಳಿ.

(ಟುಪ್... ಟಪ್... ಟುಪ್)

15 ಕಿಲೋ ಎಣ್ಣೆ ಡಬ್ಬಿ ಇರುತ್ತಲ್ಲ, ಖಾಲಿಯಾದ ಮೇಲೆ ಅದರ ತಳಕ್ಕೆ ಹೆಬ್ಬೆರಳು ಒತ್ತಿ ಬಿಟ್ಟ ಹಾಗಿದೆ, ಹೌದಲ್ಲ? ಇದು ಡಬ್ಬಿ ಅಲ್ಲ. ನಮ್ಮಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರಿನ ಡ್ರೈವರ್ ಕಡೆ ಬಾಗಿಲು. ಒಳ್ಳೆ ಬಾಗಿಲು ಹೀಗೆ ಮಾತಾಡಬಾರದು. ಮಾತಾಡೋ ಹಾಗಾಗಿದ್ದು ನನ್ನ ಅವಸರದಿಂದ. ಇವತ್ತಿನ ಎಪಿಸೋಡ್ ಅದರದ್ದೇ.

ಪದ್ಮಿನಿ ನೋಡದವರಿಗೆ ಹೇಳ್ತೀನಿ, ಹಳೇ ಹಿಂದಿ ಸಿನಿಮಾದಲ್ಲಿ ಬರೋ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ನೆನಪು ಮಾಡ್ಕೊಳ್ಳಿ. ಇಟಲಿಯ ಫಿಯಟ್ 1100 ಕಾರನ್ನೇ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈನ ಕುರ್ಲಾದಲ್ಲಿ ತಯಾರಿಸ್ತಿದ್ರು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರು ಬಂತು. ಮುಂಬೈ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ ಪೂರ್ತಿ ಮರೆಯಾಗಿದ್ದು 2023ರ ಅಕ್ಟೋಬರ್‌ನಲ್ಲಿ. ನಮ್ಮನೇದು ಇನ್ನೂ ಕಲಬುರಗಿಯಲ್ಲಿ ಓಡ್ತಿದೆ.

ಅಪ್ಪ ನೆಹರು ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೀತಿದ್ರು. ಮಾಲೀಕರು ಹೊಸ ಕಾರು ತಗೊಂಡಾಗ ಹಳೇದನ್ನ ಅಪ್ಪನಿಗೆ ಕಂತಿನ ಮೇಲೆ ಕೊಟ್ಟರು. ಅವತ್ತಿಂದ ಅದು ನಿಲ್ಲೋದು ಗಂಜ್‌ನಲ್ಲೇ. ತೊಗರಿ ಸೀಸನ್‌ನಲ್ಲಿ ಅಲ್ಲಿ ಒಂದು ತಾಸು ಗಾಡಿ ನಿಲ್ಲಿಸಿ ನೋಡಿ, ಬಾನೆಟ್ ಮೇಲೆ ಬೆರಳಿನಿಂದ ಹೆಸರು ಬರೀಬಹುದು, ಅಷ್ಟು ಧೂಳು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನಮ್ಮ ತೊಗರಿ ಬೇಳೆಗೆ. ಧೂಳಿಗೂ ಒಂದು ಕೊಡಬಹುದಿತ್ತು.

ಬಾಗಿಲನ್ನ ತಿಂದಿದ್ದು ಆ ಧೂಳೇ. ಮಳೆ ನೀರು ಗಾಜಿನ ಸಂದಿಯಿಂದ ಬಾಗಿಲ ಒಳಗೆ ಇಳಿಯುತ್ತೆ, ಅದು ಎಲ್ಲಾ ಕಾರಲ್ಲೂ ಇರೋದೇ. ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತು ಇಟ್ಟಿರ್ತಾರೆ. ಧೂಳು, ಹೊಟ್ಟು ಕೂತು ತೂತು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತೆ, ತಗಡು ಒಳಗಿಂದ ತುಕ್ಕು ಹಿಡೀತಾ ಬರುತ್ತೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ನಮಗೆ ಗೊತ್ತಾಗೋದು. ಅಷ್ಟೊತ್ತಿಗೆ ಕೆಳಗಿನ ನಾಲ್ಕು ಬೆರಳಗಲ ತಗಡು ಹಪ್ಪಳ ಆಗಿತ್ತು.

ಫೆಬ್ರವರಿಯಲ್ಲಿ ಕಮಲಾಪುರದಲ್ಲಿ ಮಾವನ ಮಗಳ ಮದುವೆ. ಅಮ್ಮನ ತವರು ಅದು. ಪದ್ಮಿನಿಯಲ್ಲೇ ಹೋಗೋದು ಅಂತ ಅಪ್ಪನ ಹಟ. ನಾನು ಒಂದು ಗ್ಯಾರೇಜಿಗೆ ಕೊಟ್ಟೆ. ಯಾವುದು ಅಂತ ಹೇಳಲ್ಲ, ಬಿಡಿ. ನಾಲ್ಕು ದಿನ, 3,500 ರೂಪಾಯಿ. ತುಕ್ಕು ಕತ್ತರಿಸಿ, ಹೊಸ ತಗಡಿನ ಪಟ್ಟಿ ಇಟ್ಟು, ಗ್ಯಾಸ್ ವೆಲ್ಡಿಂಗ್‌ನಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದರು. ಬಾಗಿಲ ನಡುವೆ ಉಬ್ಬು ಬಂತು. ಸುತ್ತಿಗೆಯಿಂದ ಬಡಿದರು, ಉಬ್ಬು ಪಕ್ಕಕ್ಕೆ ಸರಿಯಿತು. ಮತ್ತೆ ಬಡಿದರು. ಕೊನೆಗೆ ಮೇಲೆ ದಪ್ಪ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರು. ನಾನು ಅಲ್ಲೇ ನಿಂತು ಎಲ್ಲಾ ನೋಡಿದ್ದೆ. ಮನೆಗೆ ಬಂದು ಅಪ್ಪನಿಗೆ ಹೇಳಿದ್ದು: ‘ಹೊಸದರ ಹಂಗ ಆಗ್ಯಾದ.’

ಅಪ್ಪ ಬಾಗಿಲ ಮೇಲೆ ಬೆರಳ ಗೆಣ್ಣಿಂದ ಎರಡು ಸಲ ಬಡಿದರು. ಏನೂ ಹೇಳಲಿಲ್ಲ. ಮದುವೆಗೆ ಹೋಗಿ ಬಂದೆವು. ಆಮೇಲೆ ಅವರು ಕಾರಿನ ಚಾವಿ ಮುಟ್ಟಲಿಲ್ಲ. ಒಂದು ವಾರ, ಎರಡು ವಾರ. ಕೇಳಿದರೆ ‘ಬಿಸಲದ, ಬ್ಯಾಡ’ ಅಂತಿದ್ರು. ಕಲಬುರಗಿ ಬಿಸಿಲು ಅವರಿಗೆ ಹೊಸದಾ?

ಏಪ್ರಿಲ್‌ನಲ್ಲಿ ಗಂಜ್‌ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲಿಂದ ಪುಟ್ಟಿ ಬಿರುಕು ಬಿಟ್ಟು, ಅಂಗೈಯಗಲ ಚಕ್ಕೆ ಕಳಚಿ ಬಿತ್ತು. ಒಳಗೆ ತಗಡು ಕಾಣಿಸಿತು. ಒತ್ತಿದರೆ ‘ಟುಪ್’. ನೀವು ಕೇಳಿದ ಸಪ್ಪಳ ಅವತ್ತು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು.

ಗಂಜ್ ಹಿಂದಿನ ಗಲ್ಲಿಯಲ್ಲಿ ಲಾರಿ ಕ್ಯಾಬಿನ್ ರಿಪೇರಿ ಮಾಡೋ ಒಬ್ಬ ಚಾಚಾ ಇದ್ದಾರೆ. ಹೆಸರು ಹೇಳಬ್ಯಾಡ ಅಂದಿದ್ದಾರೆ. ಅವರು ಬಾಗಿಲ ಮೇಲೆ ಅಂಗೈ ಆಡಿಸಿ ಹೇಳಿದ ಮೊದಲ ಮಾತು: ‘ಬೇಟಾ, ಪತ್ರಾ ಕಮ್ಮಿ ಆಗಿಲ್ಲ. ಜಾಸ್ತಿ ಆಗ್ಯಾದ.’

ನಾನು ಬಿ.ಕಾಂ. ಲೆಕ್ಕದಲ್ಲಿ ಕಮ್ಮಿ-ಜಾಸ್ತಿ ಅರ್ಥ ಆಗುತ್ತೆ, ಇದು ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ವೆಲ್ಡಿಂಗ್ ಮಾಡಿದ ಗೆರೆ ತಣ್ಣಗಾಗ್ತಾ ಕುಗ್ಗುತ್ತೆ. ಹೊಲಿಗೆ ದಾರ ಬಿಗಿಯಾಗಿ ಎಳೆದರೆ ಪಕ್ಕದ ಬಟ್ಟೆ ಸುಕ್ಕಾಗಿ ಏಳುತ್ತಲ್ಲ, ಹಾಗೆ ಪಕ್ಕದ ತಗಡು ಏಳುತ್ತೆ. ಅದನ್ನ ಡೆಂಟ್ ಅಂದ್ಕೊಂಡು ಬಡಿದರೆ? ‘ರೊಟ್ಟಿ ಬಡದ್ರ ಸಣ್ಣದಾಗ್ತದೇನು?’ ಅಂದ್ರು ಚಾಚಾ. ಬಡಿದಷ್ಟೂ ತಗಡು ತೆಳ್ಳಗಾಗಿ ಅಗಲ ಆಗುತ್ತೆ. ಅಗಲಕ್ಕೆ ಜಾಗ ಇಲ್ಲ, ಹಂಗಾಗಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ಜಿಗಿಯುತ್ತೆ. ಈಗ ಬೇಕಾಗಿರೋದು ತಗಡನ್ನ ವಾಪಸ್ ಕುಗ್ಗಿಸೋದು.

ಕುಗ್ಗಿಸೋದು ಬೆಂಕಿಯಿಂದ. ಬಿಸಿ ಮಾಡಿದ್ರೆ ಲೋಹ ಹಿಗ್ಗುತ್ತೆ ಅಂತಲ್ಲವಾ ಸ್ಕೂಲಲ್ಲಿ ಓದಿದ್ದು? ಹೌದು, 1 ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತೆ. ಆದರೆ ಚಾಚಾ ಬಿಸಿ ಮಾಡೋದು ಇಡೀ ಬಾಗಿಲನ್ನಲ್ಲ, ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ. ಆ ಚುಕ್ಕೆ ಕೆಂಪಾಗಿ ಹಿಗ್ಗಬೇಕು ಅನ್ನುತ್ತೆ, ಸುತ್ತಲಿನ ತಣ್ಣನೆ ತಗಡು ಬಿಡಲ್ಲ. ಪಕ್ಕಕ್ಕೆ ಹೋಗೋಕಾಗದೆ ಅಲ್ಲೇ ದಪ್ಪ ಆಗುತ್ತೆ. ಆಗ ಹಿಂದೆ ಡಾಲಿ ಅನ್ನೋ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಚುಕ್ಕೆಯ ಸುತ್ತ ಸಣ್ಣ ಸುತ್ತಿಗೆಯಿಂದ ನಡುವಿನ ಕಡೆಗೆ ಮೆಲ್ಲಗೆ ತಟ್ತಾರೆ. ಕೂಡಲೇ ಒದ್ದೆ ಬಟ್ಟೆ. ಚುಸ್ಸ್! ತಣ್ಣಗಾಗ್ತಾ ಆ ಚುಕ್ಕೆ ಸುತ್ತಲಿನ ತಗಡನ್ನ ತನ್ನ ಕಡೆ ಎಳ್ಕೊಳ್ಳುತ್ತೆ.

ಕೆಲಸಕ್ಕೆ ಮೊದಲು ಒಳಗಿನ ರೆಕ್ಸಿನ್, ಹಲಗೆ ಬಿಚ್ಚಿದರು. ಪುಟ್ಟಿ, ಬಣ್ಣ ಎಲ್ಲಾ ಕೆರೆದು ಬರೀ ತಗಡು ಮಾಡಿದರು. ಬಾಗಿಲ ಮೇಲೆ ತೆಳು ಬಟ್ಟೆ ಹಾಸಿ, ಕಣ್ಣು ಮುಚ್ಚಿ ಅಂಗೈ ಆಡಿಸಿ ಎತ್ತರದ ಜಾಗಕ್ಕೆ ಸೀಮೆಸುಣ್ಣ ಹಚ್ಚಿದರು. ನಾನೂ ಕೈ ಆಡಿಸಿದೆ, ನನಗೆ ಬಟ್ಟೆ ಬಿಟ್ಟು ಏನೂ ಸಿಗಲಿಲ್ಲ. ಅವತ್ತು ಹಾಕಿದ್ದು ಐದೇ ಚುಕ್ಕೆ. ‘ಇನ್ನೂ ಹಾಕ್ರಿ ಚಾಚಾ’ ಅಂದೆ. ‘ನಿನ್ನೆ ಜಾಸ್ತಿ ಇತ್ತು, ನಾಳೆ ಕಮ್ಮಿ ಮಾಡ್ತಿ ಏನು?’ ಅಂತ ಬೈದ್ರು. ವಿಪರೀತ ಕುಗ್ಗಿಸಿದರೂ ತಗಡು ಬೇರೆ ಕಡೆ ಸೊಟ್ಟ ಆಗುತ್ತಂತೆ. ಒಟ್ಟು ಹನ್ನೊಂದು ದಿನ, 9,000 ರೂಪಾಯಿ. ಕೆಳಗಿನ ಪಟ್ಟಿಯನ್ನೂ ಬಿಚ್ಚಿ ಮತ್ತೆ ಹಾಕಿದರು. ಈ ಸಲ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಟ್ಟು.

ಈಗಿನ ಕಾರುಗಳಿಗೆ ಇದನ್ನ ಮಾಡಿಸೋಕೆ ಹೋಗಬೇಡಿ. ಅವುಗಳಲ್ಲಿ ಎಷ್ಟೋ ಕಡೆ ವಿಶೇಷ ಗಟ್ಟಿ ಉಕ್ಕು ಇರುತ್ತೆ, ಬೆಂಕಿ ತಾಗಿದರೆ ಅದರ ಬಲವೇ ಹೋಗುತ್ತೆ. ಮತ್ತೆ ಪುಟ್ಟಿ ಪಾಪ ಅಂತಲೂ ನಾನು ಹೇಳ್ತಿಲ್ಲ. ಚಾಚಾ ಕೂಡ ಕೊನೆಗೆ ತೆಳ್ಳಗೆ ಹಚ್ಚಿದರು. ಹಳೇ ಕಾರು ತಗೊಳ್ಳೋರು ಒಂದು ಸಣ್ಣ ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ಜೇಬಲ್ಲಿಟ್ಕೊಳ್ಳಿ. ತಗಡಿನ ಬಾಡಿಯಲ್ಲಿ ಅದು ಅಂಟದೆ ಜಾರಿತು ಅಂದ್ರೆ ಅಲ್ಲಿ ದಪ್ಪ ಪುಟ್ಟಿ ಇದೆ.

ಗೆಳೆಯರು ಕೇಳ್ತಾರೆ, ಈ ಡಬ್ಬಿಗೆ ಇಷ್ಟು ದುಡ್ಡು ಯಾಕೆ ಅಂತ. ಲೆಕ್ಕ ನಾನೂ ಹಾಕಿದೀನಿ. ವರ್ಷಕ್ಕೆ 15% ಡಿಪ್ರಿಸಿಯೇಷನ್ ಕಳೀತಾ ಹೋದರೆ 1 ಲಕ್ಷದ ಕಾರು 40 ವರ್ಷಕ್ಕೆ ಸುಮಾರು 150 ರೂಪಾಯಿ. 2021ರ ಕೇಂದ್ರದ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ದಾಟಬೇಕು, ನಮ್ಮದಕ್ಕೆ 2034ರವರೆಗೆ ಕಾಯಬೇಕು. ಲೆಕ್ಕದ ಪುಸ್ತಕದಲ್ಲಿ ನನ್ನ ಹತ್ರ ಉತ್ತರ ಇಲ್ಲ.

ಬಣ್ಣ ಹೊಡೆಯೋಕೆ ಮುಂಚಿನ ದಿನ ಅಪ್ಪನನ್ನ ಕರ್ಕೊಂಡು ಹೋದೆ. ಬರೀ ತಗಡು, ಸುಟ್ಟ ಚುಕ್ಕೆಗಳ ನೀಲಿ ಕಲೆ ಎಲ್ಲಾ ಕಾಣ್ತಿತ್ತು. ದಾರಿಯಲ್ಲೇ ಹೇಳಿದೆ: ‘ಅಪ್ಪಾ, ಮದುವಿ ಮುಂದ ನಾ ಪುಟ್ಟಿ ಹಾಕೋದು ನೋಡಿದ್ದೆ. ನಿಮಗ ಸುಳ್ಳ ಹೇಳ್ದೆ.’

‘ಗೊತ್ತದ’ ಅಂದ್ರು. ‘ಮೂವತ್ತು ವರ್ಷ ಚೀಲಕ್ಕ ಕೊಳವಿ ಚುಚ್ಚಿ ತಳದ ಕಾಳು ತಗದು ನೋಡೀನಿ. ಬಾಗಲಾ ಬಡದ್ರ ತಿಳಿಯಂಗಿಲ್ಲೇನು?’

ಚಾಚಾ ಎದುರಿಗೆ ಮತ್ತೆ ಎರಡು ಸಲ ಬಡಿದರು. ‘ಠಣ್’ ಅಂತು. ಒತ್ತಿ ನೋಡಿದರು, ಅಲ್ಲಾಡಲಿಲ್ಲ. ಕೆಳಗೆ ಒಂದು ಕಡೆ ಹೊಸ ಪಟ್ಟಿಯ ಗೆರೆ ಕೈಗೆ ಸಿಗ್ತಿತ್ತು. ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ‘ಇದು ಇರ್ಲಿ’ ಅಂದ್ರು. ಆಮೇಲೆ ಚಾವಿ ಕೇಳಿದರು.

ಚಾಚಾ ಕೊಟ್ಟ ಕಡೇ ಸಾಮಾನು ಒಂದು ಹಳೇ ಸೈಕಲ್ ಕಡ್ಡಿ, ಬಾಗಿಲ ತಳದ ತೂತು ಚುಚ್ಚಿ ತೆಗೆಯೋಕೆ. ಪ್ರತಿ ಭಾನುವಾರ ಅದು ನನ್ನ ಕೆಲಸ. ಹೋದ ವಾರ ಒಂದು ಚಿಟಿಕೆ ತೊಗರಿ ಹೊಟ್ಟು ಬಂತು.