ಗುರುಗಳಿಗೆ ಕೊಡುವ ಕಾಣಿಕೆ ಯಾವುದಿರಬೇಕು?

(ಶಿಕ್ಷಕರ ದಿನಾಚರಣೆಯ ಪೂರ್ವಸಿದ್ಧತೆಗಾಗಿ ಸೇರಿದ್ದ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳು ಸಮೀಪಿಸಿದಂತೆ ಮಲೆನಾಡಿನ ಸಣ್ಣ ಪೇಟೆಗಳ ಅಂಗಡಿಗಳಲ್ಲಿ ಶಾಲಾಮಕ್ಕಳ ಓಡಾಟ ಹೆಚ್ಚುತ್ತದೆ. ಚೌತಿ ಹಬ್ಬದ ಸಾಮಗ್ರಿಗಳ ಪಕ್ಕದಲ್ಲಿಯೇ ಶಿಕ್ಷಕರ ದಿನದ ಉಡುಗೊರೆಗಳೂ ಜೋಡಣೆಗೊಂಡಿರುತ್ತವೆ. ಪ್ಲಾಸ್ಟಿಕ್ ಗುಲಾಬಿ, ಹೊಳೆಯುವ ಕಾಗದದಲ್ಲಿ ಸುತ್ತಿದ ಪೆನ್ನಿನ ಪೆಟ್ಟಿಗೆ, ಗಾಜಿನ ಗೊಂಬೆ, ಬಣ್ಣದ ಚೌಕಟ್ಟು, ಸಂಗೀತ ಹಾಡುವ ಶುಭಾಶಯ ಪತ್ರ. ಸೆಪ್ಟೆಂಬರ್ 5ರಂದು ಒಂದು ಕಂತು, ದಸರಾ ರಜೆಗೆ ಮುನ್ನ ಮತ್ತೊಂದು ಕಂತು. ಗುರುಗಳಿಗೆ ಕೃತಜ್ಞತೆ ಸಲ್ಲಿಸಬೇಕೆಂಬ ಭಾವನೆ ಶ್ರೇಷ್ಠವಾದುದು. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆ ಭಾವನೆಯನ್ನು ಹೊತ್ತು ಬರುವ ವಸ್ತು ಯಾವುದು, ಅದು ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ, ಅದನ್ನು ತರಲಾರದ ಮಗುವಿನ ಗತಿಯೇನು ಎಂಬ ಪ್ರಶ್ನೆಗಳನ್ನು ಕೇಳಲೇಬೇಕಾದ ಕಾಲ ಬಂದಿದೆ.

ಮೊದಲಿಗೆ ಈ ಪದ್ಧತಿಯ ಹಿನ್ನೆಲೆಯನ್ನು ತಿಳಿಯುವುದು ಒಳಿತು. ಶಿಕ್ಷಕರಿಗೆ ಸರ್ಕಾರಿ ಸಂಬಳವಿಲ್ಲದ ಕಾಲದಲ್ಲಿ ಊರವರ ಕಾಣಿಕೆಯೇ ಅವರ ಜೀವನಾಧಾರವಾಗಿತ್ತು. ಮದರಾಸು ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಸಮೀಕ್ಷೆಗೆ ಆದೇಶಿಸಿದನು. ಅದರಂತೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಸಲ್ಲಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡ ಶಾಲೆಗಳು. ಅಂತಹ ಶಾಲೆಗಳ ಐಗಳು ಮಕ್ಕಳ ಮನೆಯವರು ಕೊಟ್ಟುದರಲ್ಲಿಯೇ ಸಂಸಾರ ಸಾಗಿಸಬೇಕಿತ್ತು. ನವರಾತ್ರಿಯ ದಿನಗಳಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುವ, ಮನೆಯವರು ಕಾಸನ್ನೋ ದವಸವನ್ನೋ ಕೊಟ್ಟು ಕಳುಹಿಸುವ ಸಂಪ್ರದಾಯ ಕನ್ನಡ ನಾಡಿನ ಹಲವೆಡೆ ಇತ್ತು. ಆ ಕಾಣಿಕೆಯಲ್ಲಿ ಎರಡು ಗುಣಗಳಿದ್ದವು. ಅದು ಗುರುವಿಗೆ ನಿಜವಾಗಿ ಬೇಕಾದ ವಸ್ತುವಾಗಿತ್ತು. ಮತ್ತು ಅದನ್ನು ಕೊಡುತ್ತಿದ್ದುದು ಊರು. ಮಕ್ಕಳು ಎಲ್ಲರೂ ಕೂಡಿ ಹಾಡುತ್ತಿದ್ದರು.

ಇಂದು ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರಿಗೆ ಸಂಬಳವಿದೆ. ಆದ್ದರಿಂದ ಕಾಣಿಕೆಗೆ ವೇತನದ ಪಾತ್ರ ಉಳಿದಿಲ್ಲ. ಉಳಿದಿರುವುದು ಗೌರವದ ಪಾತ್ರ ಮಾತ್ರ. ಗೌರವವನ್ನು ಹೇಗೆ ತೋರಿಸಬಹುದೆಂಬುದಕ್ಕೆ ಶಿಕ್ಷಕರ ದಿನದ ಮೂಲಪುರುಷರ ಜೀವನದಲ್ಲಿಯೇ ಉತ್ತಮ ನಿದರ್ಶನವಿದೆ. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ 1962ರಿಂದ ಅವರ ಜನ್ಮದಿನವನ್ನು ಶಿಕ್ಷಕರ ದಿನವೆಂದು ಆಚರಿಸಲಾಗುತ್ತಿದೆ. ಅದಕ್ಕೂ ನಾಲ್ಕು ದಶಕಗಳ ಮುಂಚೆ, 1918ರಿಂದ 1921ರವರೆಗೆ ಅವರು ಮೈಸೂರಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ತೆರಳಲು ಅವರು ಮೈಸೂರು ಬಿಟ್ಟಾಗ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿ, ಕುದುರೆಗಳ ಬದಲು ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಆ ಬೀಳ್ಕೊಡುಗೆಗೆ ಬಳಕೆಯಾದುದು ಬಾಡಿ ಮಣ್ಣಾಗುವ ಹೂವು ಮತ್ತು ಹುಡುಗರ ತೋಳ್ಬಲ. ನೂರು ವರ್ಷ ಕಳೆದರೂ ಜನ ಅದನ್ನು ಮರೆತಿಲ್ಲ.

ಈಗ ಅಂಗಡಿಯ ಉಡುಗೊರೆಯ ಪಯಣವನ್ನು ಗಮನಿಸೋಣ. ಒಂದು ತರಗತಿಯಲ್ಲಿ ಹದಿನೈದು ಮಕ್ಕಳಿದ್ದರೆ ಶಿಕ್ಷಕರ ಮೇಜಿನ ಮೇಲೆ ಹತ್ತು ಪೆನ್ನು, ಮೂರು ಗೊಂಬೆ, ಒಂದು ರಾಶಿ ಪ್ಲಾಸ್ಟಿಕ್ ಹೂವು ಸೇರುತ್ತವೆ. ಅವುಗಳಲ್ಲಿ ಬಳಕೆಗೆ ಬರುವುದು ಒಂದೆರಡು. ಹೊಳೆಯುವ ಹೊದಿಕೆ ಕಾಗದವು ಹೆಸರಿಗೆ ಮಾತ್ರ ಕಾಗದ. ಅದು ಲೋಹದ ತೆಳುಲೇಪವಿರುವ ಪ್ಲಾಸ್ಟಿಕ್ ಹಾಳೆ. ಗುಜರಿಯವರೂ ಅದನ್ನು ಕೊಳ್ಳುವುದಿಲ್ಲ. ನಗರದಲ್ಲಾದರೆ ಕಸದ ವಾಹನ ಬೀದಿಗೆ ಬರುತ್ತದೆ. ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಿರುವ ಮಲೆನಾಡಿನ ಹಳ್ಳಿಗಳಲ್ಲಿ ಕಸದ ಕೊನೆಯ ತಾಣ ಎರಡೇ: ಹಳ್ಳದ ದಂಡೆ ಅಥವಾ ಬಚ್ಚಲ ಒಲೆ. ಪಿ.ವಿ.ಸಿ. ಬೆರೆತ ಪ್ಲಾಸ್ಟಿಕ್ ಒಲೆಯ ಅಲ್ಪ ಉಷ್ಣದಲ್ಲಿ ಉರಿದಾಗ ಡಯಾಕ್ಸಿನ್‌ನಂತಹ ಘೋರ ವಿಷಗಳು ಹುಟ್ಟುತ್ತವೆ. ಒಲೆಯ ಮುಂದೆ ಕುಳಿತು ಸ್ನಾನದ ನೀರು ಕಾಯಿಸುವ ತಾಯಂದಿರು ಆ ಹೊಗೆಯನ್ನು ಸೇವಿಸುತ್ತಾರೆ. ಒಲೆಯ ಬೂದಿ ಗೊಬ್ಬರದ ಗುಂಡಿಗೆ, ಅಲ್ಲಿಂದ ತರಕಾರಿಯ ಮಡಿಗೆ ಹೋಗುತ್ತದೆ. ಗುರುವಿನ ಹೆಸರಿನಲ್ಲಿ ತಂದುದು ಹೀಗೆ ಅನ್ನದ ತಟ್ಟೆಗೇ ಮರಳುತ್ತದೆ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಬ್ಯಾನರ್ ಮೊದಲಾದವುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿಯ ಪೆಟ್ಟಿಗೆ ಹಾಗೂ ಆಮಂತ್ರಣ ಪತ್ರಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಸೇರಿವೆ. ಶಾಲೆಯ ಒಂದು ಸಮಾರಂಭದಲ್ಲಿ ಕಾಣಸಿಗುವ ವಸ್ತುಗಳೇ ಇವೆಲ್ಲ. ಪರಿಸರ ಪಾಠವನ್ನು ಕಲಿಸುವ ಕೊಠಡಿಯಲ್ಲಿಯೇ ನಿಷಿದ್ಧ ವಸ್ತುಗಳ ತೋರಣ ಕಟ್ಟಿದರೆ ಮಕ್ಕಳು ಪಾಠವನ್ನು ನಂಬುವುದಿಲ್ಲ, ತೋರಣವನ್ನು ನಂಬುತ್ತಾರೆ.

ಕಸಕ್ಕಿಂತಲೂ ಗಂಭೀರವಾದ ಹಾನಿಯೊಂದಿದೆ. ಕೊನೆಯ ಬೆಂಚಿನ ಮಗು ಅಂದು ಬರಿಗೈಯಲ್ಲಿ ಬರುತ್ತದೆ, ಇಲ್ಲವೇ ಹೊಟ್ಟೆನೋವೆಂದು ಹೇಳಿ ಮನೆಯಲ್ಲಿಯೇ ಉಳಿಯುತ್ತದೆ. ಸೆಪ್ಟೆಂಬರ್ ಎಂದರೆ ಮಲೆನಾಡಿನ ಕೂಲಿ ಕುಟುಂಬಗಳಿಗೆ ಕೈ ಕಟ್ಟಿದ ಕಾಲ. ಮಳೆ ಇನ್ನೂ ಪೂರ್ಣ ಬಿಟ್ಟಿರುವುದಿಲ್ಲ, ನಾಟಿ ಮುಗಿದಿರುತ್ತದೆ, ಅಡಿಕೆ ಕೊಯ್ಲು ಇನ್ನೂ ಮುಂದಿರುತ್ತದೆ. ಆ ದಿನಗಳಲ್ಲಿ ಐವತ್ತು ರೂಪಾಯಿಯ ಉಡುಗೊರೆಗಾಗಿ ಮಗು ಹಟ ಹಿಡಿದರೆ ತಾಯಿ ಯಾರ ಮನೆಯ ಬಾಗಿಲಿಗೆ ಹೋಗಬೇಕು? ಉಡುಗೊರೆ ಕೊಟ್ಟ ಮಗುವಿನ ಹೆಸರನ್ನು ಶಿಕ್ಷಕರು ನೆನಪಿಡುತ್ತಾರೆಂದು, ಕೊಡದ ಮಗುವನ್ನು ಮರೆಯುತ್ತಾರೆಂದು ಆ ಮಗು ಭಾವಿಸುತ್ತದೆ. ಶಿಕ್ಷಕರ ಮನಸ್ಸಿನಲ್ಲಿ ಅಂತಹ ಭೇದ ಎಳ್ಳಷ್ಟೂ ಇಲ್ಲದಿರಬಹುದು. ಆದರೆ ಮಗುವಿನ ಮನಸ್ಸಿನಲ್ಲಿ ಅದು ಹುಟ್ಟಿದ ಮೇಲೆ ಅಳಿಸುವುದು ಕಷ್ಟ. ಸರ್ಕಾರಿ ಶಾಲೆಯ ಶಿಕ್ಷಕರು ರಾಜ್ಯದ ನೌಕರರು. ನೌಕರರು ಉಡುಗೊರೆ ಸ್ವೀಕರಿಸುವುದಕ್ಕೆ ನಡತೆ ನಿಯಮಗಳು ಮಿತಿ ಹಾಕಿರುವುದರ ಹಿಂದೆಯೂ ಇಂತಹದೇ ವಿವೇಕವಿದೆ. ಬೆಲೆಬಾಳುವ ಕಾಣಿಕೆ ಒಳ್ಳೆಯ ಶಿಕ್ಷಕರನ್ನು ಸಂಕೋಚಕ್ಕೆ ಸಿಲುಕಿಸುತ್ತದೆ.

ಹಾಗಾದರೆ ಪೇಟೆಯ ವಸ್ತುವನ್ನು ಬಿಟ್ಟು ಕಾಡಿನ ವಸ್ತುವನ್ನು ಕೊಡೋಣವೆಂದು ಕೆಲವರು ಹೇಳಬಹುದು. ಇಲ್ಲಿಯೂ ಎಚ್ಚರ ಅಗತ್ಯ. ಮರದ ಕೊಂಬೆಯಿಂದ ಸೀತೆದಂಡೆಯ ಗಿಡವನ್ನು ಕಿತ್ತು ತಂದು ಶಿಕ್ಷಕರ ಅಂಗಳಕ್ಕೆ ಕಟ್ಟಿಕೊಡುವ ಹುಡುಗರಿದ್ದಾರೆ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು. ನಿರ್ದಿಷ್ಟ ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಅದು ಮೊಳೆಯುವುದಿಲ್ಲ. ಮೊಳೆತ ಗಿಡ ಹೂ ಬಿಡಲು ಹಲವು ವರ್ಷ ಬೇಕು. ಕಿತ್ತು ತಂದ ಗಿಡಗಳಲ್ಲಿ ಬಹಳಷ್ಟು ಬದುಕುವುದಿಲ್ಲ. ಗೌರಿ ಹಬ್ಬದ ವೇಳೆಗೆ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗಡ್ಡೆಯನ್ನು ಅಗೆಯುವುದಂತೂ ಅಪಾಯಕರ. ಆ ಗಿಡದ ಸರ್ವಾಂಗವೂ, ವಿಶೇಷವಾಗಿ ಗಡ್ಡೆ, ವಿಷಯುಕ್ತ. ಜೇನನ್ನು ಕೊಡುವ ಆಸೆಯಿದ್ದರೆ ಬೇಸಿಗೆಯ ಕೊಯ್ಲಿನ ಜೇನನ್ನು ಕೊಡಬೇಕು. ಮಳೆಗಾಲದಲ್ಲಿ ಹೂವಿನ ಬರವಿರುವಾಗ ತುಡುವೆಯ ಗೂಡನ್ನು ಬಿಚ್ಚಿದರೆ ಆ ಕುಟುಂಬ ಹಸಿವಿನಿಂದ ಸಾಯುತ್ತದೆ ಅಥವಾ ಗೂಡು ಬಿಟ್ಟು ಹೋಗುತ್ತದೆ.

ಸಸಿ ಕೊಡುವ ಪದ್ಧತಿಯೂ ಈಗ ಜನಪ್ರಿಯವಾಗಿದೆ. ಸಂತೋಷದ ಸಂಗತಿಯೇ. ಆದರೆ ಸೆಪ್ಟೆಂಬರಿನಲ್ಲಿ ನೆಟ್ಟ ಸಸಿಗೆ ಬೇರು ಇಳಿಸಲು ಮಳೆಯ ದಿನಗಳು ಕಡಿಮೆ. ಮೇ ತಿಂಗಳವರೆಗೆ ನೀರೆರೆಯುವವರು ಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಸಸಿಯನ್ನು ನೋಡುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಅದು ಛಾಯಾಚಿತ್ರದಲ್ಲಿ ಮಾತ್ರ ಉಳಿಯುತ್ತದೆ. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಬಿದ್ದ ಕೆಲವೇ ದಿನಗಳಲ್ಲಿ ಅವುಗಳನ್ನು ಬಿತ್ತಬೇಕು. ಆದ್ದರಿಂದ ಗುರುಗಳ ಹೆಸರಿನಲ್ಲಿ ಮರ ಬೆಳೆಸುವ ಸಂಕಲ್ಪವಿರುವವರು ಮಳೆಯ ಆರಂಭದಲ್ಲಿಯೇ ಊರಿನ ಮರದ ಬೀಜವನ್ನು ಹೆಕ್ಕಿ ಬಿತ್ತಿ, ಒಂದು ವರ್ಷ ಸಾಕಿ, ಮುಂದಿನ ಜೂನ್‌ನಲ್ಲಿ ನೆಡುವುದು ಯೋಗ್ಯ.

ಇಷ್ಟೆಲ್ಲ ಬೇಡವೆಂದ ಮೇಲೆ ಕೊಡಬೇಕಾದುದೇನು? ಉತ್ತರವನ್ನು ಶಿಕ್ಷಕರ ಅಗತ್ಯದಲ್ಲಿಯೇ ಹುಡುಕಬೇಕು. ಮಲೆನಾಡಿನ ಶಾಲೆಗಳಿಗೆ ಬರುವ ಶಿಕ್ಷಕರಲ್ಲಿ ಅನೇಕರು ಬಯಲುಸೀಮೆಯವರು. ಅವರು ಹುಟ್ಟಿ ಬೆಳೆದ ಊರಿನಲ್ಲಿ ಇಂಬಳವಿಲ್ಲ, ಕಾಲುಸಂಕವಿಲ್ಲ, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಿಲ್ಲ. ಇಲ್ಲಿನ ಮಕ್ಕಳು ದಿನನಿತ್ಯ ಬಳಸುವ ಗಿಡಮರಗಳ ಹೆಸರು ಅವರಿಗೆ ಹೊಸತು. ಪಠ್ಯಪುಸ್ತಕದಲ್ಲಿಯೂ ಈ ಊರಿನ ಹಳ್ಳದ ಹೆಸರಿರುವುದಿಲ್ಲ. ಊರಿನ ಪರಿಚಯವಾಗದ ಶಿಕ್ಷಕರು ವರ್ಗಾವಣೆಯ ದಿನವನ್ನು ಎಣಿಸುತ್ತಾರೆ, ಪರಿಚಯವಾದವರು ನಿಲ್ಲುತ್ತಾರೆ. ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಸಣ್ಣ ಶಾಲೆಗಳಿಗೆ ಮನಸ್ಸಿಟ್ಟು ನಿಲ್ಲುವ ಒಬ್ಬ ಶಿಕ್ಷಕರು ಸಿಕ್ಕುವುದು ಅಳಿವು ಉಳಿವಿನ ಪ್ರಶ್ನೆ.

ಆದ್ದರಿಂದ ಊರು ಕೊಡಬಹುದಾದ ಅತ್ಯಂತ ಉಪಯುಕ್ತ ಕಾಣಿಕೆ ಊರಿನ ತಿಳಿವಳಿಕೆಯೇ. ಒಂದು ಗಟ್ಟಿ ರಟ್ಟಿನ ದಪ್ಪ ಪುಸ್ತಕ ಸಾಕು. ಪ್ರತಿ ಮಗು ತನ್ನ ಮನೆಯ ಹಿರಿಯರನ್ನು ಕೇಳಿ ಒಂದು ಪುಟ ಬರೆಯಲಿ. ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ಸೊಪ್ಪಿನ ತಂಬುಳಿ ಯಾವ ಕಾಯಿಲೆಗೆ ಹಿತ, ಅಪ್ಪೆಮಿಡಿಯ ಮರಗಳು ಎಲ್ಲೆಲ್ಲಿವೆ, ಯಾವ ಹಳ್ಳ ಎಷ್ಟು ಮಳೆಗೆ ಉಕ್ಕುತ್ತದೆ, ಯಾವ ಸಂಕವನ್ನು ಆಷಾಢದಲ್ಲಿ ದಾಟಬಾರದು. ಮಂಗನ ಕಾಯಿಲೆಯ ಕುರಿತು ಒಂದು ಪುಟ ಅವಶ್ಯವಾಗಿ ಇರಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ರೋಗವನ್ನು ಹರಡುವುದು ಉಣುಗು. ಮಳೆ ನಿಂತ ಮೇಲೆ ಬೇಸಿಗೆಯವರೆಗೆ ಅದರ ಕಾಟ ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಹೊಸದಾಗಿ ಬಂದ ಶಿಕ್ಷಕರಿಗೆ ಪೆನ್ನಿಗಿಂತ ಹೆಚ್ಚು ಬೆಲೆಯ ಮಾಹಿತಿ.

ಇಂತಹ ಪುಸ್ತಕದಲ್ಲಿ ಶ್ರೀಮಂತರ ಮಗುವಿನ ಪುಟಕ್ಕೂ ಕೂಲಿಯವರ ಮಗುವಿನ ಪುಟಕ್ಕೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ. ಕಾಡಿನ ಒಡನಾಟ ಹೆಚ್ಚಿರುವ ಮನೆಯ ಮಗುವೇ ಇಲ್ಲಿ ಹೆಚ್ಚು ಬರೆಯಬಲ್ಲದು. ಪ್ರತಿ ವರ್ಷ ಹೊಸ ಪುಟಗಳು ಸೇರಿ, ಶಿಕ್ಷಕರು ವರ್ಗವಾದಾಗ ಪುಸ್ತಕ ಮುಂದಿನವರ ಕೈಗೆ ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಗ್ರಾಮ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ದಾಖಲಾತಿ ನಡೆಯಬೇಕಾಗಿದೆ. ಮಕ್ಕಳ ಪುಸ್ತಕ ಆ ಕೆಲಸಕ್ಕೂ ಆಧಾರವಾಗಬಲ್ಲದು. ಆದರೆ ಅಪರೂಪದ ಔಷಧಿ ಸಸ್ಯಗಳ ನಿಖರ ಜಾಗವನ್ನು ಅದರಲ್ಲಿ ಬರೆಯದಿರುವುದು ಕ್ಷೇಮ.

ಕೈಯಿಂದ ಮಾಡಿದ ವಸ್ತುವೇ ಬೇಕೆಂದರೆ ತರಗತಿಗೊಂದು ಶುಭಾಶಯ ಪತ್ರ ಸಾಕು. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ ಇವು ಅದರ ಮುಖ್ಯ ಸಾಮಗ್ರಿ. ಅವರನ್ನು ಒಂದು ದಿನ ಶಾಲೆಗೆ ಕರೆಸಿ ಮಕ್ಕಳಿಗೆ ಕಲಿಸಿದರೆ ಗೌರವ ಇಬ್ಬರು ಗುರುಗಳಿಗೆ ಸಂದಂತಾಗುತ್ತದೆ. ಊರವರು ಹಣ ಹಾಕುವುದಾದರೆ ಎಲ್ಲರ ಪರವಾಗಿ ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಬಹುದು.

ಕಾಯಂ ಶಿಕ್ಷಕರಷ್ಟೇ ಶಾಲೆಯನ್ನು ನಡೆಸುವುದಿಲ್ಲವೆಂಬುದನ್ನೂ ನೆನೆಯಬೇಕು. ಗೌರವಧನದ ಮೇಲೆ, ಆ ವರ್ಷದ ಅವಧಿಗೆ ಮಾತ್ರ ನೇಮಕಗೊಳ್ಳುವ ಅತಿಥಿ ಶಿಕ್ಷಕರು ಇದ್ದಾರೆ. ಬಿಸಿಯೂಟ ಬೇಯಿಸುವ ತಾಯಂದಿರು ಇದ್ದಾರೆ. ಸಂಬಳವಿಲ್ಲದ ಐಗಳಿಗೆ ಹಿಂದಿನವರು ದವಸ ಕೊಟ್ಟಂತೆ, ಇಂದು ಅಕ್ಕಿ, ತೆಂಗಿನಕಾಯಿ, ತರಕಾರಿ ಸಲ್ಲಬೇಕಾದುದು ಇವರಿಗೆ. ದಾನವೆಂಬ ಹಮ್ಮಿಲ್ಲದೆ, ಹಬ್ಬದ ಪಾಲು ಎಂಬಂತೆ ಅದನ್ನು ಸಲ್ಲಿಸುವುದು ಊರಿನ ಧರ್ಮ.

2001ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಈ ಸಮಿತಿಗಳು ಮೂರು ನಿರ್ಣಯಗಳನ್ನು ಕೈಗೊಳ್ಳಲಿ. ಯಾವ ಮಗುವೂ ಪ್ರತ್ಯೇಕವಾಗಿ ಉಡುಗೊರೆ ತರತಕ್ಕದ್ದಲ್ಲ. ಸಮಾರಂಭದಲ್ಲಿ ಪ್ಲಾಸ್ಟಿಕ್ ಅಲಂಕಾರ ಇರತಕ್ಕದ್ದಲ್ಲ. ಮಾವಿನ ತೋರಣ, ಬಾಳೆ, ಅಂಗಳದ ಹೂವು ಸಾಕು. ಊರ ಪುಸ್ತಕಕ್ಕೆ ಪ್ರತಿ ಮನೆಯಿಂದ ಒಂದು ಪುಟ ಬರತಕ್ಕದ್ದು. ನಿರ್ಣಯವನ್ನು ಆಗಸ್ಟ್ ತಿಂಗಳಲ್ಲಿಯೇ ಮನೆಮನೆಗೆ ತಿಳಿಸಬೇಕು; ಅಂಗಡಿಗೆ ಹೋದ ಮೇಲೆ ತಿಳಿಸಿದರೆ ಪ್ರಯೋಜನವಿಲ್ಲ.

ವಿದ್ಯಾರ್ಥಿ ಮಿತ್ರರು ಒಂದು ಮಾತನ್ನು ಮನೆಗೆ ಒಯ್ಯಲಿ. ಇಂದು ಸಂಜೆ ಅಜ್ಜಿಯ ಬಳಿ ಕುಳಿತು ಹಿತ್ತಲಿನ ಐದು ಗಿಡಗಳ ಹೆಸರನ್ನು ಕೇಳಿ ಬರೆದುಕೊಳ್ಳಿ. ನಾಳೆ ಅದು ಗುರುಗಳ ಕೈ ಸೇರುವ ಮೊದಲ ಪುಟವಾಗಲಿ. ಬೆಲೆಚೀಟಿ ಇಲ್ಲದ ಕಾಣಿಕೆಯನ್ನು ಯಾವ ಗುರುವೂ ಕೀಳಾಗಿ ಕಾಣರು.