ಹಾಳೆಯ ಮೂಲೆಯ ಚೀಟಿ

ಇಂದು ಪದವೀಧರರಾದ ತರುಣ ತರುಣಿಯರೇ,

ನಿಮ್ಮನ್ನು ಅಭಿನಂದಿಸುವ ಕಾರ್ಯವನ್ನು ಪದಕಗಳೂ ನಿಮ್ಮ ತಾಯಿತಂದೆಗಳೂ ಆಗಲೇ ನೆರವೇರಿಸಿರುವುದರಿಂದ, ಗಿಡಮರಗಳನ್ನು ಗುರುತಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ನಾನು ನೇರವಾಗಿ ನನ್ನ ವಿಷಯಕ್ಕೆ ಬರುತ್ತೇನೆ.

ಸಸ್ಯವರ್ಗೀಕರಣ ಶಾಸ್ತ್ರದಲ್ಲಿ ನನಗೆ ದೀಕ್ಷೆಯಿತ್ತ ಗುರುಗಳು, ಮಲೆನಾಡಿನ ಮಳೆಯಲ್ಲಿ ಜಿಗಣೆಗಳಿಗೆ ರಕ್ತದಾನ ಮಾಡಿ ನಾವು ತಂದ ರೆಂಬೆಗಳನ್ನು ವೃತ್ತಪತ್ರಿಕೆಗಳ ನಡುವೆ ಹರಡಿ, ಹಲಗೆಗಳಲ್ಲಿ ಬಿಗಿದು, ದಿನವೂ ಕಾಗದ ಬದಲಿಸಿ ಒಣಗಿಸಿ, ಹಾಳೆಗೆ ಅಂಟಿಸಿ ಮುಂದಿಡುವವರೆಗೆ ಮೌನವಾಗಿದ್ದು, ಆಮೇಲೆ ಗಿಡವನ್ನು ನೋಡದೆ ಹಾಳೆಯ ಬಲಗಡೆಯ ಕೆಳಮೂಲೆಯ ಚೀಟಿಯನ್ನೇ ಮೊದಲು ಓದುತ್ತಿದ್ದರು. ಸ್ಥಳ, ಎತ್ತರ, ದಿನಾಂಕ, ಸಂಗ್ರಾಹಕನ ಹೆಸರು, ಅವನ ಕ್ರಮಸಂಖ್ಯೆ ಇವಿಷ್ಟರಿಂದ ತೃಪ್ತರಾಗದೆ, ಹೂವಿನ ಬಣ್ಣವೇನು, ಪರಿಮಳವುಂಟೋ, ಎಲೆ ಮುರಿದರೆ ಹಾಲು ಒಸರುವುದೋ ಎಂದು ಕೇಳುವರು. ಒಣಗಿದ ಹೂವು ಕಂದುಬಣ್ಣಕ್ಕೆ ತಿರುಗುವುದು. ಮೂವತ್ತು ಮೀಟರಿನ ಮಹಾವೃಕ್ಷವೂ ಹಾಳೆಯ ಮೇಲೆ ಗೇಣುದ್ದದ ರೆಂಬೆಯಾಗುವುದು. ಕಳೆದುಹೋಗುವುದೆಲ್ಲವನ್ನೂ ಕಾಪಾಡಬೇಕಾದುದು ಆ ಚೀಟಿಯೊಂದೇ. ಚೀಟಿಯಿಲ್ಲದ ಮಾದರಿಯನ್ನು ಅವರು ‘ಹುಲ್ಲು’ ಎಂದು ಕಿಟಕಿಯಾಚೆ ಎಸೆಯುತ್ತಿದ್ದರು. ಅವರ ವಿಶೇಷ ಪಾಂಡಿತ್ಯವಿದ್ದುದು ಹುಲ್ಲಿನ ಕುಟುಂಬದಲ್ಲಿಯೇ ಎಂಬುದು ಬೇರೆ ಮಾತು.

ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರು ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡಗೂಡಿ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪುಟವು 1976ರಲ್ಲಿ ಪ್ರಕಟವಾಯಿತು. ಸಲ್ಡಾನರು ಕಟ್ಟಿದ ಹರ್ಬೇರಿಯಂ, ಎಂದರೆ ಇಂಥದೇ ಒಣಸಸ್ಯದ ಹಾಳೆಗಳ ಸಂಗ್ರಹ, ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಂಥ ಹಾಳೆಗಳ ಒಣಎಲೆಯ ಚೂರಿನಿಂದ ಡಿ.ಎನ್.ಎ. ತೆಗೆಯುವವನಿಗೂ, ಹಿಂದೆ ಈ ಮರ ಯಾವ ತಿಂಗಳು ಹೂಬಿಡುತ್ತಿತ್ತೆಂದು ತಿಳಿಯಬಯಸುವ ಹವಾಮಾನಶಾಸ್ತ್ರಜ್ಞನಿಗೂ ಕೊನೆಗೆ ಶರಣಾಗಬೇಕಾದುದು ಆ ಮೂಲೆಯ ನಾಲ್ಕು ಸಾಲುಗಳಿಗೇ.

ನಿಮ್ಮ ಪೀಳಿಗೆಯ ಬಗ್ಗೆ ನನಗೆ ಅಸಹನೆಯಿರುವುದು ಇಲ್ಲಿಯೇ. ದಿನ ಬೆಳಗಾದರೆ ಮೊಬೈಲಿನಲ್ಲಿ ಒಂದು ಎಲೆಯ ಚಿತ್ರ ಬರುತ್ತದೆ. ಊರಿಲ್ಲ, ಋತುವಿಲ್ಲ, ‘ಸರ್, ಹೆಸರೇನು?’ ಎಂಬುದಷ್ಟೇ. ಹೂವನ್ನು ಬಿಡಿಸಿ, ಅಂಡಾಶಯದ ಕೋಣೆಗಳೆಷ್ಟೆಂದು ಭೂತಗನ್ನಡಿಯಲ್ಲಿ ಎಣಿಸುವ ತಾಳ್ಮೆಯನ್ನು ಯಾರೂ ಪರೀಕ್ಷೆಗೆ ಕೇಳುವುದಿಲ್ಲವಾದ್ದರಿಂದ ಯಾರೂ ಕಲಿಯುವುದೂ ಇಲ್ಲ. ಹೊಸ ಪ್ರಭೇದವನ್ನು ಲೋಕಕ್ಕೆ ಸಾರಲು ನಾವು ಲ್ಯಾಟಿನ್ನಿನಲ್ಲಿ ಹೆಣಗಬೇಕಿತ್ತು. 2012ರಿಂದ ನಿಮಗೆ ಇಂಗ್ಲಿಷೇ ಸಾಕಾಗಿದೆ. ಆ ಉಳಿದ ವೇಳೆಯನ್ನಾದರೂ ಕಾಡಿಗೆ ಕೊಡಬಾರದೆ?

ಈ ವೃತ್ತಿಗೆ ಬರುವ ಒಬ್ಬಿಬ್ಬರಿಗೆ ನಾಲ್ಕು ಮಾತು. ಹತ್ತುಪಟ್ಟು ಹಿಗ್ಗಿಸುವ ಒಳ್ಳೆಯ ಮಸೂರವನ್ನು ಮೊದಲ ಸಂಬಳದಲ್ಲಿಯೇ ಕೊಳ್ಳಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಳೆಗೆ ಹರಿಯುತ್ತದೆ. ಡಿ.ಎನ್.ಎ. ವಿದ್ಯೆಯನ್ನೂ ಕಲಿಯಿರಿ, ಸರ್ಕಾರಿ ಹುದ್ದೆಗಳು ವಿರಳವಾಗಿರುವ ಕಾಲದಲ್ಲಿ ಅನ್ನಕ್ಕೆ ಅದೇ ದಾರಿಯಾದೀತು. ಮದುವೆಗೆ ಮುಂಚೆಯೇ, ಮಳೆಗಾಲವೆಲ್ಲ ಹಾಸಿಗೆಯಡಿಯಲ್ಲಿ ಗಿಡಗಳಿರುವುವೆಂದು ಸ್ಪಷ್ಟವಾಗಿ ಹೇಳಿಬಿಡಿರಿ. ನನ್ನ ಮನೆಯವರು ಈ ಮಾತನ್ನು ತಡವಾಗಿ ಕೇಳಿದರು.

ಕುಲಪತಿಗಳಲ್ಲಿ ಕಡೆಯದೊಂದು ಬಿನ್ನಹ: ಕಾಲೇಜುಗಳ ಹರ್ಬೇರಿಯಂ ಬೀರುಗಳ ಕೀಲಿ ಯಾರ ಬಳಿಯಿದೆಯೆಂಬುದೇ ಎಷ್ಟೋ ಕಡೆ ತಿಳಿಯದಾಗಿದೆ. ಅವುಗಳನ್ನು ತೆರೆಸಿ, ಹುಳು ತಿನ್ನದಂತೆ ನೋಡಿಕೊಳ್ಳುವ ಪಾಲಕನೊಬ್ಬನನ್ನು, ಬರುವ ಮಳೆಗಾಲಕ್ಕೆ ಮುಂಚೆಯೇ ದಯವಿಟ್ಟು ನೇಮಿಸಿರಿ.