ಹಡಗು ದಾರಿ ಬದಲಿಸಿದ ದಿನ



ವಾರಕ್ಕೊಮ್ಮೆ ಧ್ವನಿಯಾಗಿ ನಿಮ್ಮ ಅಡುಗೆಮನೆಗೆ, ಕಾರಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬರುವ ನಾನು ಈ ಸಲ ಅಕ್ಷರವಾಗಿ ಬಂದಿದ್ದೇನೆ. ಹಡಗು ಪ್ರವಾಸದ ಬಗ್ಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಮಾತಾಡಿದ್ದೆ. ಅಂದು ಫೋನುಗಳು ನಿಲ್ಲಲೇ ಇಲ್ಲ. ಡೊಂಬಿವಲಿಯ ಒಬ್ಬರು, "ಮಾತ್ರೆಯ ವಿಷಯ ಹೇಳಿದಿರಲ್ಲ, ಅದೇ ಹೊತ್ತಿಗೆ ನಮ್ಮ ಮನೇಲಿ ಕುಕ್ಕರ್ ಕೂಗಿತು, ಮತ್ತೊಮ್ಮೆ ಹೇಳಿ" ಎಂದರು. ಹಾಗಾಗಿ ಆ ಮಾತನ್ನೇ, ಅಂದು ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ನಮ್ಮವ್ವ ಧಾರವಾಡದವಳು. ಅರವತ್ತೆಂಟು ವರ್ಷ. ಸಮುದ್ರ ಎಂದರೆ ಆಕೆಗೆ ನಮ್ಮ ಮುಂಬೈಯ ಚೌಪಾಟಿ, ಅಂದರೆ ಮಣ್ಣು ಬಣ್ಣದ ನೀರು. ಟೀವಿಯಲ್ಲಿ ಒಮ್ಮೆ ಲಕ್ಷದ್ವೀಪ ನೋಡಿದಳು. "ಅಲ್ಲಿ ನೀರಾಗ ನಿಂತ್ರ ನಮ್ಮ ಪಾದ ನಮಗ ಕಾಣತಾವಂತ. ಒಮ್ಮೆ ನಿಂತು ನೋಡಬೇಕು ನೋಡವಾ" ಅಂದಳು. ಎರಡು ವರ್ಷ ಕಟ್ಟಿದ ಚೀಟಿ ಹಣ ಎತ್ತಿ ನನ್ನ ಕೈಗೆ ಕೊಟ್ಟಳು. ಅಕ್ಕ, ಭಾವ ಹುಬ್ಬಳ್ಳಿಯಿಂದ ಬಂದರು. ಬಲ್ಲಾರ್ಡ್ ಪಿಯರ್‌ನಿಂದ ಹಡಗು ಹತ್ತಿದೆವು. ಹಡಗಿನ ಕಂಪನಿಯ ಹೆಸರು ಬೇಡ. ಮುಂದೆ ಹೇಳುವುದು ಯಾವ ಕಂಪನಿಯಲ್ಲಾದರೂ ಆಗುವಂಥದ್ದೇ.

ಎರಡನೆಯ ರಾತ್ರಿ ಊಟದ ಹೊತ್ತಿಗೆ ಸ್ಪೀಕರಿನಲ್ಲಿ ಕ್ಯಾಪ್ಟನ್ ಧ್ವನಿ ಬಂತು. ಧ್ವನಿಯನ್ನೇ ನಂಬಿ ಬದುಕುವವಳು ನಾನು, ಅದಕ್ಕೆ ಹೇಳುತ್ತೇನೆ: ಮನುಷ್ಯ ತೀರಾ ಬೇಗ ಓದಿಬಿಟ್ಟ. ಬೇಸರದ ಸುದ್ದಿಯನ್ನು ನಿಧಾನವಾಗಿ, ಎರಡು ಸಲ ಹೇಳಬೇಕು. ಅರ್ಧ ಹಾಲಿಗೆ ಕೇಳಿಸಲೇ ಇಲ್ಲ, ಉಳಿದರ್ಧಕ್ಕೆ ಅರ್ಥವಾಗಲಿಲ್ಲ. ಅಲೆ ಜಾಸ್ತಿ ಇದೆ, ನಾಳೆ ದ್ವೀಪದಲ್ಲಿ ಇಳಿಯುವುದು ರದ್ದು, ಹಡಗು ಸಮುದ್ರದಲ್ಲೇ ಇನ್ನೊಂದು ದಿನ ಕಳೆದು ಹಿಂದಿರುಗುತ್ತದೆ. ಇಷ್ಟೇ ಅದರ ಸಾರ. ಆಕಾಶದಲ್ಲಿ ಮಾತ್ರ ನಕ್ಷತ್ರಗಳು ಹೊಳೆಯುತ್ತಿದ್ದವು! ಎಲ್ಲರಿಗೂ ಸಿಟ್ಟು ಬಂದದ್ದು ಅದಕ್ಕೇ. ಕೌಂಟರಿನ ಮುಂದೆ ಜನ ಮುತ್ತಿದರು. ಅಲ್ಲಿ ನಿಂತಿದ್ದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನಿಗೆ ಬೈಗುಳವೋ ಬೈಗುಳ. ನಾನೂ ಬೈದೆ. ಸುಳ್ಳು ಯಾಕೆ ಹೇಳಲಿ?

ಅಗತ್ತಿಯಂಥ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲಲಾಗದು. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಅವ್ವ ಟೀವಿಯಲ್ಲಿ ನೋಡಿದ ಆ ತಿಳಿನೀರು. ದಿಬ್ಬದ ಹೊರಗೆ ಸಮುದ್ರ ಒಮ್ಮೆಲೇ ಆಳವಾಗುತ್ತದೆ. ಹಡಗು ಆ ಹೊರಗಡೆಯೇ ನಿಲ್ಲಬೇಕು, ಜನ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಎಲ್ಲೋ ನೂರಾರು ಮೈಲಿ ದೂರ ಎದ್ದ ಗಾಳಿಯ ಅಲೆ ಇಲ್ಲಿಗೆ ಬಂದು ತಲುಪುವಾಗ ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಹಡಗಿನ ಬಾಗಿಲು ಕೆಳಗಿಳಿದಾಗ ದೋಣಿ ಮೇಲೇಳುತ್ತದೆ. ನಡುವೆ ಒಂದು ಕಾಲು. ಪ್ರಪಂಚದ ಯಾವ ಮೂಲೆಯಲ್ಲಾದರೂ ಪಟ್ಟಿಯಿಂದ ಮೊದಲು ಬಿದ್ದುಹೋಗುವುದು ಹೀಗೆ ದೋಣಿಯಲ್ಲಿ ಇಳಿಯುವ ಊರುಗಳೇ. ಟಿಕೆಟ್ ತೆಗೆಯುವ ಮುಂಚೆ ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: "ಹಡಗು ಧಕ್ಕೆಗೆ ಕಟ್ಟುತ್ತದೆಯೋ, ದೋಣಿಯಲ್ಲಿ ಇಳಿಸುತ್ತಾರೋ?" ದೋಣಿ ಎಂದರೆ, ಆ ಊರು ಸಿಕ್ಕರೆ ನಮ್ಮ ಪುಣ್ಯ ಎಂದು ತಿಳಿದು ಹೊರಡಿ.

ಮರುದಿನ ಬೆಳಿಗ್ಗೆ ಕೆಳಗಿನ ಡೆಕ್ಕಿಗೆ ಹೋಗಿ ಆ ಬಾಗಿಲು ಎಲ್ಲಿದೆ ಎಂದು ನೋಡಿ ಬಂದೆ. ಕಬ್ಬಿಣದ ಕಿರಿದಾದ ಮೆಟ್ಟಿಲು, ಆಚೆ ನೀರು. ಅವ್ವನಿಗೆ ಎರಡೂ ಮೊಣಕಾಲು ನೋವು, ಮನೆಯ ಮೂರು ಮೆಟ್ಟಿಲಿಗೇ ಗೋಡೆ ಹಿಡಿಯುತ್ತಾಳೆ. ಸಮುದ್ರ ಶಾಂತವಾಗಿದ್ದರೂ ಆಕೆ ಆ ದೋಣಿಗೆ ಇಳಿಯಬಲ್ಲಳೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಚೀಟಿ ಹಣ ಆಕೆಯದು, ಆಸೆ ಆಕೆಯದು, ಬುಕಿಂಗ್ ಮಾಡಿದವಳು ನಾನು. ಹಿಂದಿನ ರಾತ್ರಿ ಆ ಹುಡುಗನಿಗೆ ಬೈದದ್ದು ನೆನಪಾಗಿ ನಾಚಿಕೆಯಾಯಿತು. ಹಿರಿಯರನ್ನು ಕರೆದುಕೊಂಡು ಹೋಗುವವರೇ, ದಯವಿಟ್ಟು ಇದನ್ನು ಮೊದಲೇ ಕೇಳಿಕೊಳ್ಳಿ. ಕಾಲು ಗಟ್ಟಿ ಇಲ್ಲದವರನ್ನು ದೋಣಿಗೆ ಇಳಿಸದಿರುವ ಹಕ್ಕು ಹಡಗಿನವರಿಗಿದೆ, ಬಾಗಿಲ ತನಕ ಹೋಗಿ ಹಿಂದಿರುಗುವ ಸಂಕಟ ಬೇಡ.

ದಾರಿ ಬದಲಿಸುವ ಮಾತು ಕ್ಯಾಪ್ಟನ್‌ನದೇ. 'ಸೋಲಾಸ್' ಎಂಬ ಅಂತಾರಾಷ್ಟ್ರೀಯ ಒಪ್ಪಂದವೊಂದಿದೆ. ಟೈಟಾನಿಕ್ ಮುಳುಗಿದ ನಂತರ 1914ರಲ್ಲಿ ಅದರ ಮೊದಲ ರೂಪ ಬಂತು. ಜೀವರಕ್ಷಣೆಗಾಗಿ ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಹಡಗಿನ ಮಾಲೀಕನೂ ಅಡ್ಡ ಬರಬಾರದು ಎಂದು ಅದರ ಈಗಿನ ನಿಯಮ ಹೇಳುತ್ತದೆ. ಮುಂಬೈಯ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1947ರ ಜುಲೈ 17ರಂದು ಮಳೆಗಾಲದ ಸಮುದ್ರದಲ್ಲಿ ರೇವಸಕ್ಕೆ ಹೊರಟ 'ರಾಮದಾಸ' ಸ್ಟೀಮರ್ ನಮ್ಮ ಬಂದರಿನ ಬಾಯಲ್ಲೇ ಮಗುಚಿ ಆರುನೂರಕ್ಕೂ ಹೆಚ್ಚು ಜನ ಹೋದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಬಾಂಬೆ ಹೈ ಬಳಿ ಪಿ-305 ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತದ್ದನ್ನು ನಾವೇ ಸುದ್ದಿಯಲ್ಲಿ ಓದಿದ್ದೇವೆ. ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಮುಂಚೆ ಮೇ-ಜೂನ್, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್-ನವೆಂಬರ್ ಚಂಡಮಾರುತದ ಕಾಲ. ದಿನ ಆರಿಸುವಾಗ ಮಕ್ಕಳ ರಜೆಯ ಜೊತೆ ಇದನ್ನೂ ನೋಡಿ.

ಎಲ್ಲ ಸಲವೂ ಕಾರಣ ಅಲೆಯೇ ಆಗಿರುವುದಿಲ್ಲ. ಚೆನ್ನೈ ಕೇಳುಗರಿಗೆ ನೆನಪಿರಬಹುದು, 2022ರ ಜೂನ್‌ನಲ್ಲಿ ಅಲ್ಲಿಂದ ಹೊರಟ ಪ್ರವಾಸಿ ಹಡಗಿಗೆ ಪುದುಚೇರಿಯಲ್ಲಿ ಜನ ಇಳಿಸಲು ಅನುಮತಿಯೇ ಸಿಗಲಿಲ್ಲ. ಹಡಗಿನಲ್ಲಿ ಜೂಜು ಇದೆ ಎಂದು ಅಲ್ಲಿ ವಿರೋಧ ಎದ್ದಿತ್ತು. ವೆನಿಸ್ ನಗರದೊಳಗಿನ ಕಾಲುವೆಗೆ 25,000 ಟನ್ನಿಗಿಂತ ದೊಡ್ಡ ಹಡಗು ಬರಕೂಡದೆಂದು 2021ರ ಆಗಸ್ಟ್‌ನಿಂದ ಇಟಲಿ ಸರ್ಕಾರ ತಡೆಯಿತು. ವೆನಿಸ್ ಎಂದು ಟಿಕೆಟ್ ತೆಗೆದವರು ಬೇರೆ ಬಂದರಿನಲ್ಲಿ ಇಳಿದು ಬಸ್ಸು ಹತ್ತಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಮಿಯಾಮಿಯಿಂದ ಒಂಬತ್ತು ತಿಂಗಳ ಪ್ರಪಂಚ ಪರ್ಯಟನೆಗೆ ಹೊರಟ ಹಡಗು, ಕೆಂಪು ಸಮುದ್ರದಲ್ಲಿ ಕ್ಷಿಪಣಿಗಳು ಹಾರತೊಡಗಿದ್ದರಿಂದ ಸೂಯೆಜ್ ಬಿಟ್ಟು ಇಡೀ ಆಫ್ರಿಕಾವನ್ನು ಬಳಸಿಕೊಂಡು ಹೋಯಿತು. ಪಿರಮಿಡ್ಡು ನೋಡಲು ಹೊರಟವರು ಗುಡ್ ಹೋಪ್ ಭೂಶಿರ ನೋಡಿ ಬಂದರು!

ಇನ್ನು ಹಣದ ಮಾತು. ಟಿಕೆಟಿನ ಜೊತೆ ಸಣ್ಣಕ್ಷರದ ಹತ್ತಾರು ಪುಟ ಬರುತ್ತದೆ, ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ. ಊರು ಬಿಡುವ, ಬದಲಿಸುವ ಹಕ್ಕು ಕಂಪನಿಗಿದೆ ಎಂದು ಅದರಲ್ಲಿ ಬರೆದೇ ಇರುತ್ತದೆ. ಸಾಮಾನ್ಯವಾಗಿ ಹಿಂದಿರುಗುವುದು ಇಳಿಯದ ಬಂದರಿನ ಶುಲ್ಕ, ಮತ್ತು ಹಡಗಿನವರ ಮೂಲಕವೇ ತೆಗೆದ ಸುತ್ತಾಟದ ಹಣ. ನಮಗೆ ಬಂದ ಶುಲ್ಕ ನಾಲ್ವರು ಮಾಟುಂಗಾದಲ್ಲಿ ಒಂದು ಊಟ ಮಾಡುವಷ್ಟಿತ್ತು, ಅಷ್ಟೇ. ನೀವಾಗಿಯೇ ಹೊರಗೆ ಟ್ಯಾಕ್ಸಿಯವನಿಗೆ, ಗೈಡಿಗೆ ಮುಂಗಡ ಕೊಟ್ಟಿದ್ದರೆ ಅದನ್ನು ನೀವೇ ವಸೂಲಿ ಮಾಡಬೇಕು. ಆದ್ದರಿಂದ ಹಡಗು ಬಾರದಿದ್ದರೆ ಹಣ ವಾಪಸು ಎಂದು ಬರೆದು ಕೊಡುವವರ ಬಳಿ ಮಾತ್ರ ಮುಂಗಡ ಕಟ್ಟಿ. ಪ್ರವಾಸ ವಿಮೆಯನ್ನು ಟಿಕೆಟ್ ತೆಗೆದ ದಿನವೇ ಮಾಡಿಸಿ. ಚಂಡಮಾರುತದ ಹೆಸರು ಪೇಪರಿನಲ್ಲಿ ಬಂದ ಮೇಲೆ ಮಾಡಿಸಿದ ವಿಮೆ ಆ ಚಂಡಮಾರುತಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹವಾಮಾನಕ್ಕೆ ಜಗಳವಾಡಿ ಪ್ರಯೋಜನವಿಲ್ಲ. ಆದರೆ ಕೊಡಬೇಕಾದ ಹಣವನ್ನೇ ಕಂಪನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಕಾಯ್ದೆ ಬಂದಮೇಲೆ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ.

ಈಗ ಮಾತ್ರೆಯ ವಿಷಯ, ಡೊಂಬಿವಲಿಯವರು ಕುಕ್ಕರ್ ಆರಿಸಿ ಬರಲಿ. ಅವ್ವ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿನ ಎಣಿಸಿ ತಂದಿದ್ದಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಿಂದಿರುಗುವಾಗ ಮುಂಬೈ ಕಣ್ಣಿಗೆ ಕಾಣುತ್ತಿತ್ತು, ಆದರೆ ಧಕ್ಕೆಯಲ್ಲಿ ಜಾಗ ಸಿಗದೆ ಹಡಗು ಹೊರಗೇ ನಿಂತಿತು. ಮಧ್ಯಾಹ್ನ ಇಳಿಯಬೇಕಾದವರು ರಾತ್ರಿ ಹತ್ತಕ್ಕೆ ಇಳಿದೆವು. ರಾತ್ರಿಯ ಮಾತ್ರೆ ಇಲ್ಲ. ಹಡಗಿನಲ್ಲಿ ಡಾಕ್ಟರ್ ಇದ್ದರು, ಆದರೆ ಅವ್ವನ ಮಾತ್ರೆ ಅವರ ಬಳಿ ಇರಲಿಲ್ಲ. ಆ ಎಂಟು ತಾಸು ನಾನು ಆಕೆಯ ಮುಖವನ್ನೇ ನೋಡುತ್ತ ಕೂತೆ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೂ ಪ್ರವಾಸ ನಾಲ್ಕು ದಿನದ್ದಾದರೆ ಹತ್ತು ದಿನದ ಮಾತ್ರೆ ಒಯ್ಯಿರಿ. ಅದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಡಬೇಡಿ, ಹೆಗಲ ಚೀಲದಲ್ಲಿ ಡಾಕ್ಟರ ಚೀಟಿಯ ಜೊತೆ ಇರಲಿ. ಸೂಟ್‌ಕೇಸುಗಳನ್ನು ಇಳಿಯುವ ಹಿಂದಿನ ರಾತ್ರಿಯೇ ಅವರು ಒಯ್ದುಬಿಡುತ್ತಾರೆ.

ಅಕ್ಕ-ಭಾವನ ಹುಬ್ಬಳ್ಳಿ ರೈಲು ಅಂದು ರಾತ್ರಿ ದಾದರಿನಿಂದ ಅವರನ್ನು ಬಿಟ್ಟೇ ಹೋಯಿತು. ಹಡಗು ಇಳಿಯುವ ದಿನ ರೈಲಾಗಲಿ, ವಿಮಾನವಾಗಲಿ ಬೇಡವೇ ಬೇಡ. ಒಂದು ರಾತ್ರಿ ನೆಂಟರ ಮನೆಯಲ್ಲಿ ಇದ್ದು ಹೊರಡಿ. ಮುಂಬೈಯಲ್ಲಿ ಕನ್ನಡದವರಿಗೆ ನೆಂಟರ ಮನೆಗೇನು ಕೊರತೆ?

ಮೊಬೈಲ್ ಬಗ್ಗೆ ಒಂದೇ ಮಾತು. ದಡ ಮರೆಯಾಗುತ್ತಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ತಾನಾಗಿಯೇ ಹಡಗಿನ ಉಪಗ್ರಹ ಜಾಲವನ್ನು ಹಿಡಿದು, ಬಿಲ್ಲು ಬಂದಾಗ ನೀವು ಎದೆ ಹಿಡಿದುಕೊಳ್ಳುವಂತೆ ಮಾಡುತ್ತದೆ.

ವಿದೇಶದ ಹಡಗಿಗೆ ಹೋಗುವವರಿಗಾಗಿ ಒಂದು ನಿಜಕತೆ. 2024ರ ಮಾರ್ಚ್ ಕೊನೆಯ ವಾರ ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ 'ನಾರ್ವೇಜಿಯನ್ ಡಾನ್' ಎಂಬ ಹಡಗು ನಿಂತಿತ್ತು. ಎಂಟು ಜನ ಸ್ವಂತವಾಗಿ ಸುತ್ತಾಡಲು ಹೋದವರು ತಡವಾಗಿ ಬಂದರು. ಹಡಗು ಕಣ್ಣೆದುರೇ ಇತ್ತು, ಹತ್ತಿಸಿಕೊಳ್ಳಲಿಲ್ಲ. ಔಷಧಿ ಹಡಗಿನಲ್ಲಿ, ಬಟ್ಟೆ ಹಡಗಿನಲ್ಲಿ. ಮುಂದಿನ ಬಂದರಾದ ಗ್ಯಾಂಬಿಯಾಕ್ಕೆ ದೇಶದಿಂದ ದೇಶಕ್ಕೆ ವಿಮಾನ ಹತ್ತಿ ಇಳಿದು ಹೋಗಿ ಕಾದರೆ, ಅಲ್ಲಿ ನೀರಿನ ಇಳಿತ ಹೆಚ್ಚಿದ್ದರಿಂದ ಹಡಗು ಆ ಬಂದರನ್ನೇ ಬಿಟ್ಟು ಮುಂದೆ ಸಾಗಿತ್ತು! ಕೊನೆಗೆ ವ್ಯಾನು ಹಿಡಿದು ಸೆನೆಗಲ್‌ನ ಡಕಾರ್ ತಲುಪಿ, ಏಪ್ರಿಲ್ ಆರಂಭದಲ್ಲಿ ಹಡಗು ಸೇರಿದರು. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಇಳಿಯುವಾಗ ಒಂದು ದಿನದ ಔಷಧಿ, ಪಾಸ್‌ಪೋರ್ಟಿನ ಪ್ರತಿ, ಸ್ವಲ್ಪ ನಗದು, ಆ ಊರಿನ ಬಂದರು ಏಜೆಂಟರ ನಂಬರು ಕಿಸೆಯಲ್ಲಿರಲಿ. ಅದು ಹಡಗಿನ ದಿನಪತ್ರಿಕೆಯಲ್ಲೇ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಗಡಿಯಾರ ಹಡಗಿನ ಸಮಯಕ್ಕಿರಲಿ, ಊರಿನ ಸಮಯಕ್ಕಲ್ಲ. ಯೂರೋಪಿನಿಂದ ಹೊರಟು ಟರ್ಕಿಗೋ ಟುನೀಸಿಯಾಕ್ಕೋ ಹೋಗಿ ಮತ್ತೆ ಯೂರೋಪಿಗೆ ಬರುವ ಹಡಗಾದರೆ ಒಂದೇ ಪ್ರವೇಶದ ವೀಸಾ ಸಾಲದು, ಹಲವು ಪ್ರವೇಶದ್ದೇ ಕೇಳಿ ಪಡೆಯಿರಿ.

ಇದಕ್ಕೆ ದಡದ ಕಡೆಯ ಮುಖವೂ ಒಂದಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬರುವ ದಿನ ಯಕ್ಷಗಾನದ ವೇಷ ಕಟ್ಟಿ ಕಲಾವಿದರು ನಿಂತಿರುತ್ತಾರೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳಕ್ಕೆ, ಕುದ್ರೋಳಿ ದೇವಸ್ಥಾನಕ್ಕೆ ಕರೆದೊಯ್ಯಲು ಟ್ಯಾಕ್ಸಿ, ರಿಕ್ಷಾಗಳು ಸಾಲುಗಟ್ಟಿರುತ್ತವೆ. ಹಡಗು ಬರದಿದ್ದರೆ ಅವರಿಗೆ ಬಂದರು ಶುಲ್ಕ ವಾಪಸು ಕೊಡುವವರು ಯಾರೂ ಇಲ್ಲ. ನಮ್ಮ ದ್ವೀಪದ ದಡದಲ್ಲೂ ಅಂದು ಎಳನೀರು ಕೆತ್ತಿ ಇಟ್ಟುಕೊಂಡು ಯಾರಾದರೂ ಕಾಯುತ್ತಿದ್ದರೋ ಏನೋ.

ಅವ್ವ ಆ ದಿನವಿಡೀ ಡೆಕ್ಕಿನ ಕುರ್ಚಿಯಲ್ಲಿ ಕೂತು ನೀರು ನೋಡಿದಳು. ಸಂಜೆ ಕೌಂಟರಿನ ಆ ಹುಡುಗ ತಾನಾಗಿಯೇ ಬಂದು, "ಚಹಾ ಬೇಕಾ ಆಂಟಿ?" ಎಂದು ಹಿಂದಿಯಲ್ಲಿ ಕೇಳಿದ. ಅವ್ವ ಧಾರವಾಡದ ಕನ್ನಡದಲ್ಲೇ ಅವನ ಊರು, ತಾಯಿ-ತಂದೆ ಎಲ್ಲ ವಿಚಾರಿಸಿದಳು. ಅವನಿಗೆ ಎಷ್ಟು ತಿಳಿಯಿತೋ, ನಗುತ್ತ ನಿಂತಿದ್ದ. ನಾನು ಅವನಲ್ಲಿ ಕ್ಷಮೆ ಕೇಳಿದೆ. "ಹ್ವಾದ್ರ ಹ್ವಾತು ಬಿಡು, ದ್ವೀಪ ಎಲ್ಲಿ ಓಡಿ ಹೋಗತೈತಿ" ಅಂದಳು ಅವ್ವ.

ಈಗ ದಿನಾ ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ಕೊಚ್ಚಿಯಿಂದ ಅಗತ್ತಿಗೆ ವಿಮಾನ ಐತೆಂತಲ್ಲ?" ಎನ್ನುತ್ತಾಳೆ. ಇದೆ. ಲಕ್ಷದ್ವೀಪಕ್ಕೆ ಹೋಗಲು ಬೇಕಾದ ಪರವಾನಗಿಯ ಅರ್ಜಿ ನನ್ನ ಮೇಜಿನ ಮೇಲಿದೆ, ಅವ್ವನ ಎರಡು ಫೋಟೋ ತೆಗೆಸುವುದೊಂದು ಬಾಕಿ. ನಿಮ್ಮಲ್ಲಿ ಯಾರಾದರೂ ಆ ದಾರಿಯಾಗಿ ಹಿರಿಯರನ್ನು ಕರೆದುಕೊಂಡು ಹೋಗಿ ಬಂದಿದ್ದರೆ ಆಕಾಶವಾಣಿಯ ವಿಳಾಸಕ್ಕೆ, ನಮ್ಮ ಕನ್ನಡ ಕಾರ್ಯಕ್ರಮದ ಹೆಸರಿಗೆ ಒಂದು ಪತ್ರ ಬರೆಯಿರಿ, ಅಲ್ಲಿ ಮೆಟ್ಟಿಲು ಎಷ್ಟಿವೆ ಎಂಬುದನ್ನು ಮರೆಯದೆ ತಿಳಿಸಿ.